ರಾಯಚೂರನ್ನು ಉಣ್ಣುತ್ತ ನೋಡಬೇಕು

ಜಪಾನಿನ ಬಂದರು ಪಟ್ಟಣ ನಾಗಸಾಕಿಯಲ್ಲಿ 2006ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ‘ಸರುಕು’ ಎಂಬ ಹೆಸರಿನಲ್ಲಿ ಒಂದು ಉತ್ಸವ ನಡೆಯಿತು. ಅದಕ್ಕಾಗಿ ಮೈದಾನ ಹುಡುಕಲಿಲ್ಲ, ಚಪ್ಪರ ಹಾಕಲಿಲ್ಲ. ಊರಿನ ಓಣಿಗಳೇ ಪ್ರದರ್ಶನ, ಊರವರೇ ಮಾರ್ಗದರ್ಶಿಗಳು. ನಿವೃತ್ತ ನೌಕರರು, ಗೃಹಿಣಿಯರು, ಅಂಗಡಿಕಾರರು ತರಬೇತಿ ಪಡೆದು, ಬಂದವರನ್ನು ಚಿಕ್ಕ ಚಿಕ್ಕ ಗುಂಪು ಮಾಡಿಕೊಂಡು ಏರು ಇಳುಕಿನ ಬೀದಿಗಳಲ್ಲಿ ನಡೆಸಿದರು. ಉತ್ಸವ ಮುಗಿದ ಮೇಲೂ ನಡಿಗೆಗಳು ಮುಂದುವರಿದವು. ಜಪಾನಿನ ಬೇರೆ ಊರುಗಳವರೂ ಬಂದು ನೋಡಿ ಕಲಿತು ಹೋದರು.

ಅಂಥ ನಡಿಗೆಯಲ್ಲಿ ಊಟಕ್ಕೆ ದೊಡ್ಡ ಪಾಲು. ಪೋರ್ಚುಗೀಸರ ಹಡಗುಗಳಿಗೆ ನಾಗಸಾಕಿ ಬಂದರು ತೆರೆದದ್ದು 1571ರಲ್ಲಿ. ಅವರು ತಂದ ಮೊಟ್ಟೆ, ಸಕ್ಕರೆ, ಹಿಟ್ಟಿನ ಕೇಕು ಅಲ್ಲಿ ‘ಕಸುತೆರ’ ಆಯಿತು. ಹಿಟ್ಟಿನಲ್ಲಿ ಅದ್ದಿ ಕರಿಯುವ ಅವರ ರೀತಿ ಟೆಂಪುರಾ ಆಯಿತು. ನಾಗಸಾಕಿಯ ಟೆಂಪುರಾಕ್ಕೆ ಹಿಟ್ಟಿನಲ್ಲೇ ಉಪ್ಪು ಸಕ್ಕರೆ ಬಿದ್ದಿರುತ್ತದೆ, ನಂಚಿಕೊಳ್ಳಲು ಬೇರೇನೂ ಬೇಕಿಲ್ಲ. ಚೀನಾದಿಂದ ಬಂದವನೊಬ್ಬ 1899ರಲ್ಲಿ ತೆರೆದ ಹೋಟೆಲಿನಲ್ಲಿ, ಅಲ್ಲಿ ಓದಲು ಬಂದಿದ್ದ ಚೀನೀ ವಿದ್ಯಾರ್ಥಿಗಳ ಹೊಟ್ಟೆ ಕಡಿಮೆ ಖರ್ಚಿನಲ್ಲಿ ತುಂಬಲೆಂದು ಬೇಯಿಸಿದ ನೂಡಲ್ಸ್ ‘ಚಂಪೋನ್’ ಆಯಿತು. ಇದನ್ನೆಲ್ಲ ಪುಸ್ತಕದಲ್ಲೂ ಓದಬಹುದು. ಆದರೆ ಆ ಊರಿನಲ್ಲೇ ಹುಟ್ಟಿ ಬೆಳೆದ ಒಬ್ಬರು ಬಿಸಿ ಬಟ್ಟಲನ್ನು ಮುಂದಿಟ್ಟು, ಯಾವ ಹಡಗು ಯಾವ ದಂಡೆಗೆ ಹತ್ತಿತ್ತು ಎಂದು ಕೈ ಮಾಡಿ ತೋರಿಸಿದಾಗ ಚರಿತ್ರೆ ನಾಲಿಗೆಗೆ ಇಳಿಯುತ್ತದೆ.

ಇಂಥದೊಂದು ನಡಿಗೆ ರಾಯಚೂರಿಗೆ ಬೇಕು ಎಂಬುದು ನನ್ನ ಬಹಳ ದಿನದ ಆಸೆ. ರಾಯಚೂರಿಗೆ ಕಡಲಿಲ್ಲ, ನಿಜ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ಶಾಸನಗಳಲ್ಲಿ ಎಡೆದೊರೆ ನಾಡು ಎನಿಸಿಕೊಂಡ ಎರೆ ಭೂಮಿ. ಬಂದರಿಗೆ ಹಡಗು ಬರುವಂತೆ ಈ ನೆಲಕ್ಕೆ ದಂಡು ಬಂದಿದೆ. ಕಾಕತೀಯರು, ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು, ಕೊನೆಗೆ ಹೈದರಾಬಾದಿನ ನಿಜಾಮರು. ಅದಾದ ಮೇಲೆ ರೈಲು. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಹಾಕುತ್ತ ಬಂದ ಹಳಿಯೂ, ಮದ್ರಾಸಿನಿಂದ ಮದ್ರಾಸ್ ರೈಲ್ವೆ ಹಾಕುತ್ತ ಬಂದ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ದೇಶದ ಎರಡು ದೊಡ್ಡ ಬಂದರುಗಳ ಗಂಟು ಬಿದ್ದ ಜಾಗ ಇದು. ಆದ್ದರಿಂದಲೇ ಈ ನಡಿಗೆ ಶುರುವಾಗಬೇಕಾದದ್ದು ರೈಲ್ವೆ ಸ್ಟೇಶನ್ನಿನಿಂದ, ಬೆಳಗಿನ ಏಳರ ಒಳಗೆ. ಬೇಸಿಗೆಯಲ್ಲಾದರೆ ಇನ್ನೂ ಬೇಗ. ಹತ್ತು ಗಂಟೆಯ ಮೇಲೆ ಇಲ್ಲಿನ ಬಿಸಿಲಿನಲ್ಲಿ ಯಾರನ್ನೂ ನಡೆಸಬಾರದು.

ಬೆಳಗಿನ ರಾಯಚೂರೆಂದರೆ ಮಂಡಾಳು ಒಗ್ಗರಣೆ ಮತ್ತು ಮಿರ್ಚಿ. ಸ್ಟೇಶನ್ ರಸ್ತೆಯ ಬಂಡಿಗಳಲ್ಲಿ, ಬಸ್ ನಿಲ್ದಾಣದ ಆಸುಪಾಸಿನ ಚಿಕ್ಕ ಹೋಟೆಲುಗಳಲ್ಲಿ ಹೊತ್ತು ಮೂಡುವ ಮೊದಲೇ ಒಲೆ ಹೊತ್ತಿರುತ್ತದೆ. ಮಂಡಾಳನ್ನು ನೀರಿಗೆ ಹಾಕಿ, ಮೆತ್ತಗಾಗುವ ಹೊತ್ತಿಗೆ ಸರಿಯಾಗಿ ಎರಡೂ ಕೈಯಿಂದ ಹಿಂಡಿ ತೆಗೆಯಬೇಕು. ಒಂದು ಗಳಿಗೆ ತಡವಾದರೆ ಮುದ್ದೆ, ಬೇಗ ತೆಗೆದರೆ ಬೆಂಡು. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಉಳ್ಳಾಗಡ್ಡಿ, ಕರಿಬೇವು, ಜಜ್ಜಿದ ಹಸಿಮೆಣಸಿನಕಾಯಿ, ಅರಿಶಿನ. ಅದರ ಮೇಲೆ ಹಿಂಡಿದ ಮಂಡಾಳು, ಮೇಲಿಂದ ಪುಟಾಣಿ ಹಿಟ್ಟು ಉದುರಿಸಿ ನಿಂಬೆಹುಳಿ. ಪುಟಾಣಿ ಹಿಟ್ಟು ಬಿದ್ದ ಕೂಡಲೇ ಉಳಿದ ತೇವವನ್ನು ಅದು ಹೀರಿಕೊಂಡು ಒಂದೊಂದು ಕಾಳೂ ಬಿಡಿಬಿಡಿಯಾಗುತ್ತದೆ. ತುಂಗಭದ್ರೆ ದಾಟಿ ಕರ್ನೂಲಿಗೆ ಹೋದರೆ ಇದೇ ತಿಂಡಿ ಉಗ್ಗಾಣಿ. ವಿಜಯಪುರ, ಧಾರವಾಡದ ಕಡೆ ಇದೇ ಸೂಸಲ. ಜಿಲ್ಲೆ, ರಾಜ್ಯಗಳ ಗಡಿ ಬಾಣಲೆಗೆ ಗೊತ್ತಿಲ್ಲ.

ಪಕ್ಕದ ಬಾಣಲೆಯಲ್ಲಿ ಮಿರ್ಚಿ. ಬೆರಳಿಗಿಂತ ಉದ್ದದ, ಖಾರ ಕಡಿಮೆಯ ಹಸಿಮೆಣಸಿನಕಾಯಿಯ ಹೊಟ್ಟೆ ಸೀಳಿ, ಅಜವಾನ, ಉಪ್ಪು ಬಿದ್ದ ಕಡಲೆಹಿಟ್ಟಿನಲ್ಲಿ ಅದ್ದುತ್ತಾರೆ. ತೊಟ್ಟು ಹಿಡಿದು ಎತ್ತಿ, ಪಾತ್ರೆಯ ಅಂಚಿಗೆ ಒಂದು ಸಲ ಸವರಿ, ಒಂದು ಬದಿಯ ಹಿಟ್ಟನ್ನು ತೆಳ್ಳಗೆ ಮಾಡಿ ಎಣ್ಣೆಗೆ ಬಿಡುತ್ತಾರೆ. ಆ ಸವರುವಿಕೆಯನ್ನು ಗಮನಿಸಿ. ಹಿಟ್ಟು ದಪ್ಪನಾದ ಕಡೆ ಉಬ್ಬಿ ಮೆತ್ತಗಿರುತ್ತದೆ, ತೆಳ್ಳಗಾದ ಕಡೆ ಗರಿಗರಿ, ಮತ್ತು ಒಳಗಿನ ಮೆಣಸಿನಕಾಯಿ ಬೇಯುವುದು ಅದೇ ತೆಳುವಾದ ಬದಿಯಿಂದ. ಮೊದಲ ಸಲ ಅರೆಬೇಯಿಸಿ ತೆಗೆದಿಟ್ಟು, ಗಿರಾಕಿ ಬಂದಾಗ ಮತ್ತೊಮ್ಮೆ ಕಾದ ಎಣ್ಣೆಗೆ ಬಿಡುವವರೂ ಇದ್ದಾರೆ. ತುಂಡು ಮಾಡಿ ಮತ್ತೆ ಕರಿದರೆ ಅದು ಕಟ್ ಮಿರ್ಚಿ.

ಇಲ್ಲಿ ಮಾರ್ಗದರ್ಶಿ ಒಂದು ಕಥೆ ಹೇಳಲೇಬೇಕು. ತರಕಾರಿಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವ ವಿದ್ಯೆ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅಂಥ ತಿನಿಸಿನ ಮಾತು ಬರುತ್ತದೆ. ಆಗ ಇಲ್ಲದಿದ್ದದ್ದು ಮೆಣಸಿನಕಾಯಿ. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದದ್ದು ಹದಿನಾರನೇ ಶತಮಾನದಲ್ಲಿ. ಅದೇ ಶತಮಾನದ 1520ರಲ್ಲಿ ಪೋರ್ಚುಗೀಸರು ರಾಯಚೂರಿಗೇ ಬಂದಿದ್ದರು! ಇಸ್ಮಾಯಿಲ್ ಆದಿಲ್ ಶಾಹನ ಕೈಯಿಂದ ಕೋಟೆ ಕಿತ್ತುಕೊಳ್ಳಲು ಕೃಷ್ಣದೇವರಾಯ ಮುತ್ತಿಗೆ ಹಾಕಿದ್ದಾಗ, ಕುದುರೆ ಮಾರಲು ಬಂದಿದ್ದ ಕ್ರಿಸ್ಟೊವಾವೊ ಡಿ ಫಿಗೆರೆಡೊ ತನ್ನ ಬಂದೂಕುದಾರರೊಂದಿಗೆ ರಾಯನ ಪರ ನಿಂತು, ಗೋಡೆಯ ಮೇಲಿಂದ ಕಾದುತ್ತಿದ್ದವರನ್ನು ಹೊಡೆದುರುಳಿಸಿದ. ಈ ಯುದ್ಧವನ್ನು ವಿವರವಾಗಿ ಬರೆದಿಟ್ಟವನು ಫೆರ್ನಾವೊ ನೂನಿಜ್, ಅವನೂ ಪೋರ್ಚುಗೀಸನೇ. ನೂನಿಜ್ ಬರೆದದ್ದರಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಕತ್ತಿ ಕುದುರೆಗಳದಲ್ಲ, ರಾಯನ ಪಾಳೆಯದ ಸಂತೆಯದು. ಲಕ್ಷಾಂತರ ಜನರ ಆ ಪಾಳೆಯದಲ್ಲಿ ಬಗೆಬಗೆಯ ಧಾನ್ಯ, ಕುರಿ, ಕೋಳಿ ಎಲ್ಲವೂ ರಾಜಧಾನಿಯ ಪೇಟೆಯಲ್ಲಿ ಸಿಕ್ಕಂತೆ ಸಿಗುತ್ತಿದ್ದವು ಎನ್ನುತ್ತಾನೆ. ರಾಯಚೂರಿನ ನೆಲದಲ್ಲಿ ಕಂಡ ತಿನಿಸಿನ ಪೇಟೆಯ ಬಗ್ಗೆ ಹೊರಗಿನವನೊಬ್ಬ ಬರೆದ ಇಷ್ಟು ಹಳೆಯ ವರ್ಣನೆ ನಮಗೆ ಉಳಿದಿರುವುದೇ ಭಾಗ್ಯ.

ಹೀಗೆ ಒಂದೇ ಜನ ಪೂರ್ವದ ತುದಿಯ ನಾಗಸಾಕಿಗೆ ಕರಿಯುವ ರೀತಿಯನ್ನು ಕೊಟ್ಟರು, ಮೊದಲೇ ಕರಿಯಲು ಬಲ್ಲ ನಮಗೆ ಕರಿಯಲೊಂದು ಕಾಯಿಯನ್ನು ಕೊಟ್ಟರು. ಟೆಂಪುರಾ ತಿಂದ ಜಪಾನಿ ಅತಿಥಿಯೊಬ್ಬರನ್ನು ಸ್ಟೇಶನ್ ರಸ್ತೆಯ ಮಿರ್ಚಿ ಬಂಡಿಯ ಮುಂದೆ ನಿಲ್ಲಿಸಿ ಈ ಮಾತು ಹೇಳಿದರೆ, ಅವರಿಗೆ ರಾಯಚೂರು ಪರದೇಶ ಅನ್ನಿಸಲಿಕ್ಕಿಲ್ಲ. ಇನ್ನೊಂದು ಸೇರಿಸಿ: ನಮ್ಮ ರೊಟ್ಟಿಯ ಜೀವದ ಗೆಳೆಯನಾದ ಶೇಂಗಾ ಹಿಂಡಿಯಲ್ಲಿ ಶೇಂಗಾವೂ ಕಡಲು ದಾಟಿ ಬಂದದ್ದು, ಕೆಂಪುಖಾರವೂ ಕಡಲು ದಾಟಿ ಬಂದದ್ದು. ನಮ್ಮಲ್ಲಿ ಮೊದಲೇ ಇದ್ದದ್ದು ಬೆಳ್ಳುಳ್ಳಿ, ಜೀರಿಗೆ ಮತ್ತು ಕುಟ್ಟುವ ಕೈ.

ಸ್ಟೇಶನ್ ರಸ್ತೆಯಿಂದ ಮುಂದೆ ತೀನ್ ಕಂದೀಲ್ ವೃತ್ತಕ್ಕೆ. ರಾಯಚೂರು 1948ರವರೆಗೆ ನಿಜಾಮರ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯ ಸೇರಿತು. ಆ ಹಳೆಯ ನಂಟು ತೀನ್ ಕಂದೀಲಿನ ಸುತ್ತಲಿನ ಬೀದಿಗಳಲ್ಲಿ ಮೂಗಿಗೇ ಗೊತ್ತಾಗುತ್ತದೆ. ಹಾಲು ಬತ್ತಿಸಿದ ಗಟ್ಟಿ ಚಹಾ, ಅದರಲ್ಲಿ ಅದ್ದಲು ಉಪ್ಪು ಸಿಹಿ ಎರಡೂ ಇರುವ ಉಸ್ಮಾನಿಯಾ ಬಿಸ್ಕತ್ತು, ಮಧ್ಯಾಹ್ನದ ಹೊತ್ತಿಗೆ ಬಿರಿಯಾನಿ, ಬಗಾರ ಅನ್ನ, ದಾಲ್ಚಾ. ರಂಜಾನ್ ತಿಂಗಳಾದರೆ ಸಂಜೆ ಹಲೀಮ್. ಗೋಧಿ, ಬೇಳೆ, ಮಾಂಸ ಒಂದಾಗುವವರೆಗೆ ಗಂಟೆಗಟ್ಟಲೆ ಕಟ್ಟಿಗೆಯ ಕೋಲಿನಿಂದ ಕುಟ್ಟುವವರ ತೋಳಿನ ದುಡಿಮೆ ಅದರಲ್ಲಿದೆ.

ಈ ಓಣಿಯಲ್ಲಿ ನಡಿಗೆ ಸ್ವಲ್ಪ ನಿಧಾನವಾಗಲಿ. ಮುಸಲ್ಮಾನರ ಮನೆಯ ಮದುವೆಯೂಟದ ಬಗಾರ ಬೈಂಗನ್ ಮತ್ತು ಪಕ್ಕದ ಓಣಿಯ ಲಿಂಗಾಯತರ ಮನೆಯ ಬದನೆಕಾಯಿ ಎಣ್ಣೆಗಾಯಿ ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸಿ ನೋಡಿ. ಎರಡರಲ್ಲೂ ತೊಟ್ಟು ಬಿಡದೆ ನಾಲ್ಕು ಸೀಳಿದ ಎಳೆ ಬದನೆಕಾಯಿ. ಎರಡರಲ್ಲೂ ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆಹುಳಿ. ಒಂದಕ್ಕೆ ಶುಂಠಿ ಬೆಳ್ಳುಳ್ಳಿಯ ಗೊಜ್ಜು ಹೆಚ್ಚು, ಇನ್ನೊಂದಕ್ಕೆ ಗುರೆಳ್ಳಿನ ಕಪ್ಪು ಪುಡಿ ಮತ್ತು ಚೂರು ಬೆಲ್ಲ. ಒಂದು ಅನ್ನಕ್ಕೆ, ಇನ್ನೊಂದು ರೊಟ್ಟಿಗೆ. ಯಾರು ಯಾರಿಂದ ಕಲಿತರು ಎಂದು ತೀರ್ಮಾನಿಸುವ ಗೋಜಿಗೆ ನಾನು ಹೋಗುವುದಿಲ್ಲ. ನೂರಾರು ವರ್ಷ ಒಂದೇ ಸಂತೆಯಲ್ಲಿ ಬದನೆಕಾಯಿ ಆರಿಸಿಕೊಂಡ ಎರಡು ಮನೆಗಳ ಒಲೆ ಹೀಗಲ್ಲದೆ ಬೇರೆ ಹೇಗಿರಲು ಸಾಧ್ಯ? ರಾಯಚೂರಿನಲ್ಲಿ ಒಬ್ಬರೇ ಮನುಷ್ಯ ತರಕಾರಿಯನ್ನು ತೆಲುಗಿನಲ್ಲಿ ಚೌಕಾಸಿ ಮಾಡಿ, ಚಹಾವನ್ನು ದಖನಿಯಲ್ಲಿ ಹೇಳಿ, ಮನೆಗೆ ಫೋನಿನಲ್ಲಿ ಕನ್ನಡ ಆಡುವುದು ದಿನನಿತ್ಯದ ಸಂಗತಿ. ಅಡುಗೆಯೂ ಹಾಗೆಯೇ ಮೂರು ಭಾಷೆ ಆಡುತ್ತದೆ.

ಕೋಟೆಯನ್ನು ತೋರಿಸಬೇಕು, ಆದರೆ ಬೇಗ ಮುಗಿಸಬೇಕು. 1294ರ ಶಾಸನವಿರುವ, 41 ಅಡಿಗೂ ಉದ್ದನೆಯ ಕಲ್ಲಿನ ಮುಂದೆ ಒಂದು ಗಳಿಗೆ, 1513ರ ಏಕ್ ಮಿನಾರ್ ಮಸೀದಿಯ ಮುಂದೆ ಒಂದು ಗಳಿಗೆ. ಉಣ್ಣಲು ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿ ರಾಜರ ವಂಶಾವಳಿ ಒಪ್ಪಿಸುವುದು ತರವಲ್ಲ.

ಹೊತ್ತು ಉಳಿಸಿಕೊಳ್ಳಬೇಕಾದದ್ದು ರಾಜೇಂದ್ರ ಗಂಜ್ ಎಂಬ ಕೃಷಿ ಮಾರುಕಟ್ಟೆಗೆ. ಊರಿನ ಊಟ ಎಲ್ಲಿಂದ ಬರುತ್ತದೆ ಎಂದು ತೋರಿಸದ ಆಹಾರ ನಡಿಗೆ ಅರ್ಧ ನಡಿಗೆ. ಗಂಜಿನಲ್ಲಿ ಸುಗ್ಗಿಯ ಕಾಲಕ್ಕೆ ಹತ್ತಿ, ಶೇಂಗಾ, ತೊಗರಿ, ಜೋಳ, ಭತ್ತ ರಾಶಿ ಬೀಳುತ್ತವೆ. ಹಮಾಲರು ಚೀಲ ಇಳಿಸುತ್ತಾರೆ, ಹೆಣ್ಣುಮಕ್ಕಳು ಉದುರಿದ ಕಾಳನ್ನು ಕಸಬರಿಗೆಯಿಂದ ಗುಡಿಸಿ ಕೇರುತ್ತಾರೆ. ಆ ಕೇರಿದ ಕಾಳೂ ಯಾವುದೋ ಮನೆಯ ರಾತ್ರಿಯ ಊಟ. ಗಂಜಿನ ಕಟ್ಟೆಯ ಮೇಲೆ ಕೂತರೆ ಈ ಜಿಲ್ಲೆಯ ತಟ್ಟೆ ಹೇಗೆ ಬದಲಾಯಿತು ಎಂಬುದೂ ತಿಳಿಯುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರು, ಮಾನ್ವಿಯ ಎರೆ ಹೊಲಗಳು ಗದ್ದೆಗಳಾದವು. ಆಂಧ್ರದ ಕರಾವಳಿ ಜಿಲ್ಲೆಗಳಿಂದ ಭತ್ತ ಬೆಳೆಯಬಲ್ಲ ಕುಟುಂಬಗಳು ಬಂದು ಕಾಲುವೆ ಬದಿಗೆ ಕ್ಯಾಂಪುಗಳನ್ನು ಕಟ್ಟಿಕೊಂಡವು. ಆವಕಾಯಿಯ ಜಾಡಿಗಳೂ ಅವರೊಂದಿಗೆ ಬಂದವು. ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಿಗೆ ಪೂರ್ವ ಬಂಗಾಳದ ನಿರಾಶ್ರಿತರು ಬಂದರು. ಜೋಳದ ಸೀಮೆಯಲ್ಲಿ ಬಂಗಾಳಿ ಮೀನುಸಾರು ಕುದಿಯಿತು. ಹಬ್ಬಕ್ಕೊಮ್ಮೆ ಉಣ್ಣುತ್ತಿದ್ದ ಅನ್ನ ದಿನದ ಊಟವಾಯಿತು. ಸೋನಾ ಮಸೂರಿಯಿಂದ ಬದುಕು ಕಟ್ಟಿಕೊಂಡವರು ಬಹಳ. ಆದರೂ, ನೀರು ಕೇಳದೆ ಮಣ್ಣಿನ ತೇವದಲ್ಲೇ ಬೆಳೆಯುತ್ತಿದ್ದ ಹಿಂಗಾರಿ ಜೋಳ ಅಂಚಿಗೆ ಸರಿದದ್ದು, ಅದರ ಜೊತೆಗೆ ಎತ್ತುಗಳಿಗೆ ಕಣಿಕೆಯೂ ಕಡಿಮೆಯಾದದ್ದು ನನಗೆ ನೋವಿನ ಸಂಗತಿ.

ಆ ಜೋಳವನ್ನು ಉಣ್ಣಲು ನಗರ ಬಿಟ್ಟು ಗುಂಜಹಳ್ಳಿಯಂಥ ಹಳ್ಳಿಗೆ ಹೋಗಬೇಕು. ನಡಿಗೆಯ ಮಧ್ಯಾಹ್ನದ ಊಟ ಅಲ್ಲಿಯದೇ ಆಗಲಿ, ಹೋಟೆಲಿನಲ್ಲಿ ಬೇಡ, ಒಂದು ಮನೆಯ ಪಡಸಾಲೆಯಲ್ಲಿ. ಬಿಳಿ ಜೋಳದ ಹಿಟ್ಟಿಗೆ ಗೋಧಿಯಂತೆ ಅಂಟಿಲ್ಲ, ತಣ್ಣೀರಿನಲ್ಲಿ ಕಲಸಿದರೆ ಬಿರಿಯುತ್ತದೆ. ಹಾಗಾಗಿ ಎಸರು ಕುದಿಸಿ ಹಿಟ್ಟಿನ ನಡುವಿನ ಗುಣಿಗೆ ಸುರಿಯುತ್ತಾರೆ. ಬಿಸಿನೀರಿಗೆ ಪಿಷ್ಟ ಬೆಂದು ಅಂಟಾಗುತ್ತದೆ, ಅದೇ ಇಡೀ ರೊಟ್ಟಿಯನ್ನು ಹಿಡಿದಿಡುವುದು. ಕೈ ಸುಡುವ ಬಿಸಿಯಲ್ಲೇ ನಾದಬೇಕು. ಆಮೇಲೆ ಬಡಿಯುವ ಸದ್ದು. ಅಂಗೈ ಕೆಳಗೆ ಹಿಟ್ಟು ತಾನೇ ತಿರುಗುತ್ತ ಅಗಲವಾಗುತ್ತದೆ. ತಿರುಗಿಸುವುದು ಬೆರಳ ತುದಿ, ತೆಳ್ಳಗೆ ಮಾಡುವುದು ಅಂಗೈಯ ಬುಡ. ಎರಡೂ ಒಂದೇ ಏಟಿನಲ್ಲಿ ಆಗಬೇಕು. ಹಂಚಿನ ಮೇಲೆ ಹಾಕಿ, ಹಿಟ್ಟು ಹತ್ತಿದ ಮೇಲ್ಮೈಗೆ ನೀರಿನ ಬಟ್ಟೆ ಸವರಿ, ಆ ನೀರು ಆರುವ ಮೊದಲು ಮಗುಚಿ, ಕೊನೆಗೆ ಕೆಂಡಕ್ಕೆ ಒರಗಿಸಿದರೆ ರೊಟ್ಟಿ ಬುಸ್ಸೆಂದು ಉಬ್ಬುತ್ತದೆ. ಬಂದವರಿಗೆ ಒಂದೊಂದು ಉಂಡೆ ಕೊಟ್ಟು ಬಡಿಯಲು ಹೇಳಬೇಕು. ಎರಡು ರೊಟ್ಟಿ ಹರಿದ ಮೇಲೆ, ದಿನಕ್ಕೆ ಮೂವತ್ತು ನಲವತ್ತು ಬಡಿಯುವ ಹೆಣ್ಣುಮಗಳ ಕೌಶಲಕ್ಕೆ ಎಷ್ಟು ಬೆಲೆ ಕಟ್ಟಬೇಕೆಂದು ಅವರಿಗೇ ಹೊಳೆಯುತ್ತದೆ.

ಜೊತೆಗೆ ಪುಂಡಿಪಲ್ಯ. ಹುಳಿ ಪುಂಡಿಸೊಪ್ಪನ್ನು ತೊಗರಿಬೇಳೆ, ಜೋಳದ ನುಚ್ಚಿನೊಂದಿಗೆ ಮೆತ್ತಗೆ ಬೇಯಿಸಿ, ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಖಾರದ ರಂಜಕ, ಮೊಸರು, ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪಿನ ಎಳೆ ಗೊಂಚಲು. ಗುರೆಳ್ಳಿನ ಮೇಲೆ ಹಸಿ ಎಣ್ಣೆ ಬಿದ್ದಾಗ ಬರುವ ವಾಸನೆಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಎರಡು ದಿನ ಇರುವವರನ್ನು ಮಾನ್ವಿಗೂ ದೇವದುರ್ಗಕ್ಕೂ ಕರೆದೊಯ್ಯಬಹುದು. ಮಾನ್ವಿ ಜಗನ್ನಾಥದಾಸರ ಊರು. ಅವರ ‘ಹರಿಕಥಾಮೃತಸಾರ’ದಲ್ಲಿ ಭೋಜನದ ರಸಗಳಿಗೆಂದೇ ಒಂದು ಸಂಧಿ ಮೀಸಲಾಗಿದೆ. ಉಣ್ಣುವುದನ್ನೇ ಪೂಜೆಯಾಗಿ ಕಂಡ ಆ ದಾಸರ ಊರಿನಲ್ಲಿ, ಉಳ್ಳಾಗಡ್ಡಿ ಬೆಳ್ಳುಳ್ಳಿ ಸೋಂಕದ ನೈವೇದ್ಯದ ಅಡುಗೆ, ಬಾಳೆ ಎಲೆಯ ಮೇಲೆ ಬಡಿಸುವ ಕ್ರಮ, ಹಯಗ್ರೀವದ ಕಡಲೆಬೇಳೆ ಬೆಲ್ಲ ಇವೆಲ್ಲ ನೋಡಬೇಕಾದವು. ದೇವದುರ್ಗದ ಕಡೆ ಕೃಷ್ಣೆಯ ದಂಡೆಗೆ ಹೋದರೆ ತೆಪ್ಪದಲ್ಲಿ ಬಲೆ ಬೀಸುವವರು ತರುವ ರೋಹು, ಕಟ್ಲಾ, ಬಾಳೆಮೀನು. ಅಲ್ಲಿನ ಮೀನಿನ ಸಾರಿಗೂ ಹುಣಸೆಹುಳಿ, ಕೆಂಪುಖಾರವೇ ಆಧಾರ, ಕರಾವಳಿಯವರ ಹಸಿ ತೆಂಗಿನ ಗೊಡವೆ ಇಲ್ಲ. ಸಾರನ್ನು ರೊಟ್ಟಿಯ ಮೇಲೆ ಸುರಿದು ಮೆತ್ತಗಾದ ಮೇಲೆ ಉಣ್ಣುತ್ತಾರೆ.

ದೇವದುರ್ಗದ ದಾರಿಯಲ್ಲಿ ಇನ್ನೊಂದೂ ಕಾಣುತ್ತದೆ, ಅದನ್ನು ಮರೆಮಾಚಬಾರದು. ಬೀಗ ಜಡಿದ ಮನೆಗಳು. ಮಳೆ ಕೈಕೊಟ್ಟ ವರ್ಷ ಗುಳೆ ಹೋದವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಿರುತ್ತಾರೆ, ಮನೆಯಲ್ಲಿ ಅಜ್ಜಿ ಮತ್ತು ಮಕ್ಕಳು. ಕೇಂದ್ರ ಸರ್ಕಾರ 2018ರಲ್ಲಿ ಗುರುತಿಸಿದ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದವು ರಾಯಚೂರು ಮತ್ತು ಯಾದಗಿರಿ. ಅಪೌಷ್ಟಿಕ ಮಕ್ಕಳಿರುವ ಜಿಲ್ಲೆಯಲ್ಲಿ ರುಚಿಯ ನಡಿಗೆ ಮಾಡುವುದು ಸರಿಯೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟು: ಈ ಜಿಲ್ಲೆ ಸುದ್ದಿಗೆ ಬರುವುದೇ ಬಿಸಿಲು, ಬರ, ಗುಳೆಗಾಗಿ. ಇಲ್ಲಿಯ ಹೆಣ್ಣುಮಕ್ಕಳ ಕೈಯಲ್ಲಿ ಒಂದು ದೊಡ್ಡ ವಿದ್ಯೆ ಇದೆ ಎಂದು ಹೊರಗಿನವರು ಬಂದು, ಉಂಡು, ದುಡ್ಡು ಕೊಟ್ಟು ಒಪ್ಪಿಕೊಂಡರೆ ಗುಳೆ ತಪ್ಪುವ ಮನೆ ಒಂದಾದರೂ ಇದ್ದೀತು. ಆದರೆ ಆ ದುಡ್ಡು ಅವರ ಕೈಗೇ ಸೇರಬೇಕು. ನಡಿಗೆಯ ಶುಲ್ಕದಲ್ಲಿ ರೊಟ್ಟಿ ಬಡಿದವರಿಗೆ ಎಷ್ಟು, ಬಂಡಿಯವರಿಗೆ ಎಷ್ಟು, ಮಾರ್ಗದರ್ಶಿಗೆ ಎಷ್ಟು ಎಂಬುದು ಬಂದವರಿಗೂ ಗೊತ್ತಾಗುವಂತೆ ಬರೆದಿರಬೇಕು.

ಮಾರ್ಗದರ್ಶಿ ಯಾರಾಗಬೇಕು? ನಾಗಸಾಕಿ ಕಲಿಸುವುದು ಇಲ್ಲಿಯೇ. ಹೊರಗಿನಿಂದ ಬಂದು ಪಾಠ ಒಪ್ಪಿಸುವವರು ಬೇಡ. ಗಂಜಿನಲ್ಲಿ ಜೀವಮಾನ ಚೀಲ ಹೊತ್ತ ಹಮಾಲನಿಗೆ ಕಾಳಿನ ತೇವವನ್ನು ಹಲ್ಲಿನಲ್ಲಿ ಕಡಿದು ಹೇಳಲು ಬರುತ್ತದೆ. ನಿವೃತ್ತ ಇತಿಹಾಸ ಮೇಷ್ಟ್ರಿಗೆ ಕೋಟೆಯ ಒಂದೊಂದು ದರವಾಜದ ಕಥೆ ಬರುತ್ತದೆ. ತೀನ್ ಕಂದೀಲಿನ ಚಹಾದ ಅಂಗಡಿಯವರಿಗೆ ತಮ್ಮ ಅಜ್ಜನ ಕಾಲದ ಗಿರಾಕಿಗಳ ಹೆಸರು ನೆನಪಿರುತ್ತದೆ. ಇವರು ಮೂವರು ಸರದಿಯಲ್ಲಿ ಗುಂಪನ್ನು ಕೈದಾಟಿಸಲಿ. ಗುಂಪಿನಲ್ಲಿ ಹತ್ತು ಜನಕ್ಕಿಂತ ಹೆಚ್ಚು ಬೇಡ, ಬಂಡಿಯ ಮುಂದೆ ದಿನದ ಗಿರಾಕಿಗಳಿಗೆ ಜಾಗ ಉಳಿಯಬೇಕು. ಕುಡಿಯುವ ಶುದ್ಧ ನೀರು ಮತ್ತು ದಾರಿಯುದ್ದಕ್ಕೂ ಹೆಂಗಸರು ಬಳಸಬಹುದಾದ ಶೌಚಾಲಯ, ಇವೆರಡನ್ನು ನಗರಾಡಳಿತ ಒದಗಿಸಿದರೆ ಉಳಿದದ್ದನ್ನು ಊರು ನೋಡಿಕೊಳ್ಳುತ್ತದೆ.

ಕಾಲವನ್ನು ಕೇಳಿದರೆ, ಅಕ್ಟೋಬರಿನಲ್ಲಿ ಗುಡ್ಡಗಳ ಸೀತಾಫಲ ಬುಟ್ಟಿಗಳಲ್ಲಿ ಬರುತ್ತದೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆರೊಟ್ಟಿ. ಕಾರಹುಣ್ಣಿಮೆಗೆ ಊರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ, ಮನೆಮನೆಯಲ್ಲಿ ಹೋಳಿಗೆ. ನಾನಾದರೆ ಜನವರಿಯ ಕೊನೆಯಲ್ಲೇ ಬನ್ನಿ ಎನ್ನುತ್ತೇನೆ. ಆಗ ಹಿಂಗಾರಿ ಜೋಳದ ತೆನೆ ಹಾಲುಗಾಳು ಕಟ್ಟಿರುತ್ತದೆ, ಹೊಲದ ಬದುವಿನಲ್ಲಿ ಕುಳ್ಳಿನ ಬೆಂಕಿ ಹಾಕಿ ತೆನೆ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ ಸೀತನಿ ಉದುರಿಸಿಕೊಡುತ್ತಾರೆ. ಅದಕ್ಕೆ ಶೇಂಗಾ ಹಿಂಡಿ, ಬೆಲ್ಲ. ಈ ತಿನಿಸು ಸಿಗುವುದು ವರ್ಷದಲ್ಲಿ ಕೆಲವೇ ವಾರ, ಮತ್ತು ಕಾಳು ಬಲಿತ ಮೇಲೆ ಎಷ್ಟು ದುಡ್ಡು ಕೊಟ್ಟರೂ ಸಿಗದು. ಹೊಲದವರಿಗೆ ಮೊದಲೇ ಹೇಳಿ ಕಳುಹಿಸಿದರೆ ನಾಲ್ಕು ಸಾಲು ನಿಮಗಾಗಿ ಬಿಟ್ಟಿರುತ್ತಾರೆ.